ಹುಟ್ಟು ನನ್ನದು, ಗಾಳ ಅವನದು

ನಾನು ಮೀನು ತಿನ್ನುವವನಲ್ಲ, ಹಿಡಿಯುವವನೂ ಅಲ್ಲ. ನಮ್ಮದು ಮಿರಜದ ಹತ್ತಿರದ ಮಾಲಗಾಂವದ ಜೈನ ಮನೆತನ. ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಹೊಲದಲ್ಲಿ ದ್ರಾಕ್ಷಿ. ಆದರೂ ಎಷ್ಟೋ ವರ್ಷ ನಾನು ಮೀನು ಹಿಡಿಯಲು ಹೋಗುವವನ ಜೊತೆಗಾರನಾಗಿ ಘಟ್ಟದೊಳಗಿನ ಒಂದು ಹಿನ್ನೀರಿಗೆ ಹೋಗಿ ಬಂದಿದ್ದೇನೆ. ಮಳೆ ಹಿಂದೆ ಸರಿದು, ದ್ರಾಕ್ಷಿ ಬಳ್ಳಿ ಕತ್ತರಿಸುವ ಛಾಟಣಿಗೆ ಇನ್ನೂ ಕೆಲವು ದಿನ ಇರುತ್ತವಲ್ಲ, ಆ ಬಿಡುವಿನಲ್ಲಿ ಹೋಗುತ್ತಿದ್ದೆವು. ದಶಲಕ್ಷಣ ಪರ್ವ ಈಗಷ್ಟೇ ಮುಗಿದಿರುತ್ತಿತ್ತು. ನನ್ನ ಅವ್ವ ಬದುಕಿರುವವರೆಗೂ ಆ ಹೊತ್ತಿಗೆ ಒಂದೇ ಮಾತು ಹೇಳುತ್ತಿದ್ದಳು: "ಉಪವಾಸ ಮುಗಿಸಿ ಎಲ್ಲಿ ಹೊಂಟಿ ನೋಡು. ಮೀನ ಕೊಲ್ಲಾವನ ಸಂಗಾಟ."

"ನಾ ಏನ ಕೊಲ್ಲಂಗಿಲ್ಲ ಬೇ, ದೋಣಿ ನಡಸ್ತೀನಿ ಅಷ್ಟ" ಎಂದು ನಾನು ಹೇಳುತ್ತಿದ್ದೆ. ಅದು ನಿಜವೇ ಆಗಿತ್ತು. ನಮ್ಮಿಬ್ಬರಲ್ಲಿ ಅಂಥದೊಂದು ಒಪ್ಪಂದವಿತ್ತು. ಹುಟ್ಟು ನನ್ನದು, ಗಾಳ ಅವನದು. ಅವನ ಒಲೆ ಬೇರೆ, ನನ್ನ ಒಲೆ ಬೇರೆ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿ, ಹೊಗೆ ನನ್ನ ಕಡೆ ಬಾರದ ಹಾಗೆ ಅವನು ತನ್ನ ಒಲೆ ಹೂಡುತ್ತಿದ್ದ.

ಅವನು ಮಿರಜದ ಟೆಂಪೋ ಡ್ರೈವರ್. ಅವನ ಅಪ್ಪ ವಿಜಯಪುರದ ಕಡೆಯಿಂದ ಬಂದು ಸ್ಟೇಶನ್ನಿನಲ್ಲಿ ಹಮಾಲಿ ಮಾಡಿದವರು. ಅವನು ಹುಟ್ಟಿದ್ದು ಮಿರಜದಲ್ಲೇ, ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡವನ್ನು ಮಾತಾಡುತ್ತಿದ್ದ, ಅಕ್ಷರ ಗೊತ್ತಿರಲಿಲ್ಲ. ನಾನು ಚಿಕ್ಕಂದಿನಲ್ಲಿ ಗಡಿಯಾಚೆ ಅಜ್ಜಿಯ ಊರಲ್ಲಿದ್ದು ಕನ್ನಡ ಶಾಲೆಗೆ ಹೋದವನಾದ್ದರಿಂದ ನನಗೆ ಓದು ಬರಹ ದಕ್ಕಿತು. ಮೊದಲ ಸಲ ನಮ್ಮ ತೋಟಕ್ಕೆ ದ್ರಾಕ್ಷಿ ತುಂಬಲು ಬಂದ ದಿನ ಅವನ ಟೆಂಪೋದ ಟೈರು ಪಂಕ್ಚರ್ ಆಗಿತ್ತು. ಆ ಟೈರಿಗೆ ಅವನು ಕನ್ನಡದಲ್ಲಿ ಬೈದ ರೀತಿ ಕೇಳಿ ನಾನು ನಕ್ಕುಬಿಟ್ಟೆ. "ಮಾಲಕರಿಗೆ ನಮ್ಮ ಮಾತು ತಿಳೀತೈತೇನ?" ಎಂದು ಅವನೂ ನಕ್ಕ. ಅಂದಿನಿಂದ ಇಂದಿನವರೆಗೂ ನಾನು ಅವನಿಗೆ ಮಾಲಕ, ಅವನು ನನಗೆ ದೋಸ್ತ.

ಆ ಹಿನ್ನೀರನ್ನು ಹುಡುಕಿದವನೂ ಅವನೇ. ಮಾಲು ಇಳಿಸಿ ಉತ್ತರದಿಂದ ಖಾಲಿ ಬರುವಾಗ ಒಮ್ಮೆ ಸಾತಾರಾದ ಹತ್ತಿರ ಹೆದ್ದಾರಿ ಬಿಟ್ಟು ಘಟ್ಟದ ದಾರಿ ಹಿಡಿದನಂತೆ. ದಾರಿ ಸಣ್ಣದಾಗುತ್ತಾ ಹೋಗಿ ಒಂದು ಹೆಂಚಿನ ಮನೆಯ ಅಂಗಳದಲ್ಲಿ ಮುಗಿಯಿತು. ಅದರ ಮುಂದೆ ಬರೀ ನೀರು. ಆಚೆ ದಂಡೆಯಲ್ಲಿ ಕಾಡು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಅಂಗಡಿ ಇಲ್ಲ. ಇಳಿಹೊತ್ತಿನಲ್ಲಿ ಆಚೆ ದಂಡೆಗೆ ಕಾಡುಕೋಣಗಳು ನೀರಿಗೆ ಬರುತ್ತವೆ. ಮನೆಯ ಯಜಮಾನ ಒಬ್ಬ ಮುದುಕ. ಅವನ ಹಳೆಯ ಊರು ಅದೇ ನೀರಿನ ತಳದಲ್ಲಿದೆ. ನಾವು ಅವನನ್ನು ಮಾಮಾ ಎಂದು ಕರೆಯುತ್ತಿದ್ದೆವು. ಅವನ ದೋಣಿ, ಅವನ ಪಡಸಾಲೆ, ನಾವು ಒಯ್ದ ಅಕ್ಕಿ ಬೇಳೆ. ಇಷ್ಟರಲ್ಲಿ ಎರಡು ಮೂರು ದಿನ ಕಳೆಯುತ್ತಿದ್ದವು.

ದೋಣಿಯಲ್ಲಿ ಅವನು ಸುಮ್ಮನೆ ಕೂತದ್ದೇ ಇಲ್ಲ. ಗೋದಿಹಿಟ್ಟಿಗೆ ಶೇಂಗಾ ಹಿಂಡಿ ಕಲಸಿ ಗಾಳಕ್ಕೆ ಉಂಡೆ ಕಟ್ಟುವಾಗ ಮಾತು, ದಾರ ಎಸೆಯುವಾಗ ಮಾತು, ಬೆಂಡು ಅಲ್ಲಾಡದೆ ನಿಂತಾಗ ಇನ್ನೂ ಹೆಚ್ಚು ಮಾತು. ಟೋಲ್ ನಾಕಾದ ಜಗಳ, ಯಾರದೋ ಮದುವೆಯಲ್ಲಿ ಕೆಟ್ಟ ಊಟ, ಕೃಷ್ಣೆಯ ನೆರೆ ಬಂದಾಗ ಹುಡುಗರೆಲ್ಲ ಸೇರಿ ಸೇತುವೆಯಿಂದ ಹಾರಿದ್ದು. ನಾನು ಹುಟ್ಟು ಹಾಕುತ್ತಾ ಕೇಳುತ್ತಿದ್ದೆ. ಮೀನು ಓಡಿ ಹೋಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ.

"ಮೀನಿಗೆ ಕಿವಿ ಎಲ್ಲಿ ಅದಾವೋ ಮಾಲಕ? ಮತ್ತ ಮರಾಠಿ ನೀರಾಗಿನ ಮೀನಿಗೆ ಕನ್ನಡ ತಿಳೀಬೇಕಲ್ಲ!"

ನನಗೆ ಆ ನೀರು ಇಷ್ಟವಾಗಿತ್ತು. ತೋಟದಲ್ಲಿ ನಾನು ದಿನವೂ ಮೋಡ ನೋಡುವವನು, ಎಲೆಯ ಹಿಂಬದಿ ತಿರುಗಿಸಿ ರೋಗ ಹುಡುಕುವವನು. ಅಲ್ಲಿ ಏನನ್ನೂ ಕಾಯಬೇಕಾಗಿರಲಿಲ್ಲ. ಅವನ ಮಾತು ಮತ್ತು ಹುಟ್ಟಿನ ಸಪ್ಪಳ ಒಂದರೊಳಗೊಂದು ಬೆರೆತು, ನನಗೆ ಎಚ್ಚರವಿದ್ದೂ ನಿದ್ದೆ ಮಾಡಿದಷ್ಟು ಸುಖವಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವನ ಗಂಟಲು ಕೂತಿತು. ರಸ್ತೆಯ ಧೂಳು ಎಂದ. ಬೀಡಿ ಬಿಡು ಎಂದೆ, ಕಡಿಮೆ ಮಾಡೇನಿ ಎಂದ. ಮಳೆಗಾಲ ಬಂದರೂ ದನಿ ತಿರುಗಿ ಬರಲಿಲ್ಲ. ಮಿರಜಕ್ಕೆ ಎಲ್ಲೆಲ್ಲಿಂದಲೋ ಜನ ರೋಗ ತೋರಿಸಲು ಬರುತ್ತಾರೆ. ಹುಟ್ಟಿದಾಗಿನಿಂದ ಆ ದವಾಖಾನೆಗಳ ಮುಂದೆಯೇ ಟೆಂಪೋ ಓಡಿಸಿದವನು ಒಳಗೆ ಹೋಗಲು ಅಷ್ಟು ದಿನ ತಡ ಮಾಡಿದ. ಡಾಕ್ಟರು ಬಿಡಿಸಿ ಹೇಳಿದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಆಮೇಲೆ ಮೂಗಿನಿಂದ ಉಸಿರಾಟವಿಲ್ಲ, ಕುತ್ತಿಗೆಯಲ್ಲಿ ಒಂದು ರಂಧ್ರ ಇರುತ್ತದೆ, ಉಸಿರು ಅದರಿಂದಲೇ. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ.

ಆಪರೇಶನ್ನಿನ ಹಿಂದಿನ ಸಂಜೆ ವೈನಿ, ಅಂದರೆ ಅವನ ಹೆಂಡತಿ, ಮಂಚದ ಕಾಲಬುಡದಲ್ಲಿ ಕೂತಿದ್ದರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಅವನು ಏನಾದರೂ ದೊಡ್ಡ ಮಾತು ಹೇಳಿಯಾನು ಎಂದು ನಾವಿಬ್ಬರೂ ಕಾದಿದ್ದೆವು ಅನಿಸುತ್ತದೆ. ಅವನು ಒಡಕು ದನಿಯಲ್ಲಿ, "ಮಾಲಕ, ಟೆಂಪೋದ ಆರ್‌ಟಿಓ ಪಾಸಿಂಗ್ ಮುಂದಿನ ತಿಂಗಳ ಐತಿ. ಹಿಂದಿನ ಲೈಟ್ ಹಚ್ಚಿಸಬೇಕು, ನೆನಪ ಇಡು" ಎಂದ. ನಾನು ಹ್ಞೂಂ ಎಂದೆ. ಅವನ ಸ್ವಂತ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಅದು.

ಗಾಯ ಮಾಯ್ದ ಮೇಲೆ ಅವನು ಫೋನಿನಲ್ಲಿ ಬರೆದು ತೋರಿಸಲು ಕಲಿತ. ಬರೆಯುವುದು ಮರಾಠಿಯಲ್ಲಿ, ಯಾಕೆಂದರೆ ಅವನಿಗೆ ಬರುವ ಅಕ್ಷರ ಅದೊಂದೇ. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವನು ಮರಾಠಿಯಲ್ಲಿ ಬರೆದು ಫೋನನ್ನು ನನ್ನ ಕಡೆ ತಿರುಗಿಸುತ್ತಿದ್ದ. ಆ ಬರಹದಲ್ಲಿ ಅವನ ಬೈಗಳಿಲ್ಲ, ನಗೆಯಿಲ್ಲ. ದಿನಾಲೂ ಬಳಸುವ ಮರಾಠಿಯೇ ಆದರೂ ಅಪರಿಚಿತನ ಚೀಟಿ ಓದಿದಂತೆ ಆಗುತ್ತಿತ್ತು. ಒಂದು ದಿನ ನಾನು ಅವನಿಗೆ ಕನ್ನಡ ಅಕ್ಷರ ಕಲಿಸಲು ಹೋದೆ. ಹಳೆಯ ದಿನಪತ್ರಿಕೆಯ ಅಂಚಿನಲ್ಲಿ ಅ, ಆ ಬರೆದು ತೋರಿಸಿದೆ. ಅವನು ಸ್ವಲ್ಪ ಹೊತ್ತು ತಿದ್ದಿದ. ಆಮೇಲೆ ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ಕೂತ. ನಾನು ಮತ್ತೆ ಆ ಮಾತು ತೆಗೆಯಲಿಲ್ಲ.

ಕುತ್ತಿಗೆಗೆ ಹಿಡಿದು ಮಾತಾಡುವ ಒಂದು ಯಂತ್ರವನ್ನೂ ತಂದುಕೊಟ್ಟಿದ್ದರು. ಒಮ್ಮೆ ಹಚ್ಚಿ ನೋಡಿ ಪೆಟ್ಟಿಗೆಯೊಳಗೆ ಇಟ್ಟುಬಿಟ್ಟ. ಫೋನಿನಲ್ಲಿ ಬರೆದು ತೋರಿಸಿದ: ಪ್ಲಾಟ್‌ಫಾರ್ಮಿನ ಮೈಕಿನ ಹಾಗೆ ಕೇಳುತ್ತದೆ.

ಇನ್ನೊಂದು ಕಟ್ಟುನಿಟ್ಟು ಇತ್ತು. ನೀರು. ಕುತ್ತಿಗೆಯ ರಂಧ್ರಕ್ಕೆ ನೀರು ಹೋದರೆ ನೇರ ಶ್ವಾಸಕೋಶಕ್ಕೇ ಹೋಗುತ್ತದೆ. ಸ್ನಾನಕ್ಕೂ ಜೋಪಾನ. ಈಜು ಬೇಡ, ಹೊಳೆ ಬೇಡ, ದೋಣಿ ಬೇಡ ಎಂದು ಡಾಕ್ಟರು ವೈನಿಯ ಮುಂದೆಯೇ ಹೇಳಿದ್ದರು. ಕೃಷ್ಣೆಯ ನೆರೆಯಲ್ಲಿ ಈ ದಂಡೆಯಿಂದ ಆ ದಂಡೆಗೆ ಈಜಿದವನಿಗೆ.

ಮರುವರ್ಷ ಮಳೆ ಹಿಂದೆ ಸರಿಯಿತು. ಒಂದು ಬೆಳಿಗ್ಗೆ ಅವನು ತೋಟಕ್ಕೆ ಬಂದು, ಬಳ್ಳಿಗಳ ಸಾಲಿನ ತುದಿಯಲ್ಲಿ ನಿಂತು, ಗಾಳ ಎಸೆಯುವ ಹಾಗೆ ಕೈ ಬೀಸಿ ತೋರಿಸಿದ. ನಾನು ಮೊದಲು ವೈನಿಯನ್ನು ಕೇಳಲು ಹೋದೆ.

"ಕರಕೊಂಡ ಹೋಗ್ರಿ ಅಣ್ಣಾ" ಎಂದರು ಅವರು. "ದಿನಾ ಗ್ವಾಡಿ ನೋಡ್ಕೋತ ಕುಂದರತಾರ. ಆದ್ರ ನೀರಿಗೆ ಇಳಸಬ್ಯಾಡ್ರಿ. ನನಗ ಮಾತ ಕೊಡ್ರಿ."

"ದಂಡಿ ಬಿಟ್ಟು ಕದಲಾಕ ಬಿಡಂಗಿಲ್ರಿ ವೈನಿ" ಎಂದು ನಾನು ಮಾತು ಕೊಟ್ಟೆ.

ಆ ಸಲ ಕಾರನ್ನು ನಾನೇ ಓಡಿಸಿದೆ. ಅವನು ಪಕ್ಕದಲ್ಲಿ ಕೂತು ರಸ್ತೆ ನೋಡುತ್ತಿದ್ದ. ನಾನು ಮಾತಾಡಲು ಪ್ರಯತ್ನಿಸಿದೆ. ಒಂದಿಷ್ಟು ಹೇಳಿ ಮುಗಿಸಿದ ಮೇಲೆ ನನ್ನಲ್ಲಿ ಹೇಳಲು ಏನೂ ಉಳಿಯಲಿಲ್ಲ. ಇಷ್ಟು ವರ್ಷ ಅವನೇ ಇಬ್ಬರ ಪಾಲಿನದನ್ನೂ ಮಾತಾಡಿದ್ದ.

ಮಾಮಾ ಅಂಗಳಕ್ಕೆ ಬಂದು ಅವನ ಕುತ್ತಿಗೆಯ ಬಟ್ಟೆಯನ್ನು ನೋಡಿದ. ಅವನ ಕೈಚೀಲವನ್ನು ಇಸಕೊಂಡು ಒಳಗೆ ಒಯ್ದ.

ಮರುದಿನ ಬೆಳಿಗ್ಗೆ ಮಂಜು ಗುಡ್ಡದ ನೆತ್ತಿಯಲ್ಲಿತ್ತು, ನೀರು ತಿಳಿಯಾಗಿ ಕಾಣುತ್ತಿತ್ತು. ಮನೆಯಿಂದ ಸ್ವಲ್ಪ ದೂರ, ಹಿಂದೆ ಕಡಿದಾದ ಬಂಡೆಯಿರುವ ಒಂದು ದಂಡೆಯಲ್ಲಿ ಅವನನ್ನು ಕೂರಿಸಿದೆ. ಬುತ್ತಿ, ತಾಟು, ಚಹಾದ ಪಾತ್ರೆ ಎಲ್ಲ ಅಲ್ಲೇ ಇದ್ದವು. ಅವನು ಉಂಡೆ ಕಟ್ಟಿ, ದಾರವನ್ನು ದೂರಕ್ಕೆ ಎಸೆದ. ಕೈಯ ಬೀಸು ಮೊದಲಿನಂತೆಯೇ ಇತ್ತು. ಸಾಮಾನು ಹಾಕಿಕೊಂಡು ತಂದಿದ್ದ ದೋಣಿಯನ್ನು ನಾನು ಬಂಡೆಗೆ ಕಟ್ಟಿ ಅವನ ಪಕ್ಕ ಕೂತೆ. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಮೇಲೆ ಹಾರುವ ಹಕ್ಕಿಯ ರೆಕ್ಕೆಯ ಸಪ್ಪಳ ಕೂಡ ಕೇಳುತ್ತಿತ್ತು. ಅಷ್ಟು ಶಾಂತವಾದ ಜಾಗ ಅದು ಎಂದು ನನಗೆ ಅಂದೇ ಗೊತ್ತಾದದ್ದು.

ಒಮ್ಮೆಲೇ ದಾರ ಬಿಗಿಯಿತು. ಕೋಲು ಬಾಗಿತು. ಅವನು ಎದ್ದು ನಿಂತು ದಾರ ಬಿಟ್ಟ, ಎಳೆದ, ಮತ್ತೆ ಬಿಟ್ಟ. ಅವನ ಮುಖ ಹಳೆಯ ಮುಖವಾಯಿತು. ಆದರೆ ದಾರ ಎಲ್ಲೋ ಸಿಕ್ಕಿಕೊಂಡಿತು. ನೀರೊಳಗೆ ಮುಳುಗಿದ ಮರಗಳಿವೆ, ಅವುಗಳ ಟೊಂಗೆಗೆ ಸುತ್ತಿರಬೇಕು. ಎಷ್ಟು ಎಳೆದರೂ ಬರಲಿಲ್ಲ. ಅವನು ನನ್ನ ಕಡೆ ತಿರುಗಿ ಎರಡು ಬೆರಳಿಂದ ಕತ್ತರಿಯ ಸನ್ನೆ ಮಾಡಿದ. ಕತ್ತರಿಸಿಬಿಡು ಎಂದು.

ನನಗೆ ಅದನ್ನು ಸಹಿಸಲಾಗಲಿಲ್ಲ. "ತಡಿ, ನಾ ಬಿಡಿಸ್ಕೊಂಡ ಬರ್ತೀನಿ" ಎಂದೆ.

ಅವನು ಬೇಡವೆಂದು ತಲೆಯಾಡಿಸಿ ಗುಡ್ಡದ ಕಡೆ ಕೈ ತೋರಿಸಿದ. ಮಂಜು ಇಳಿಯತೊಡಗಿತ್ತು. "ಈಗ ಹೋದೆ, ಈಗ ಬಂದೆ" ಎಂದು ನಾನು ದೋಣಿ ಬಿಚ್ಚಿದೆ.

ದಾರದ ಗುಂಟ ಹೋದೆ. ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಕಪ್ಪಾದ ಟೊಂಗೆಗಳು ಕಂಡವು. ದಾರ ಅಲ್ಲಿ ಸುತ್ತಿಕೊಂಡಿತ್ತು, ಅದರ ತುದಿಯಲ್ಲಿ ಮೀನು ಇನ್ನೂ ಇತ್ತು. ದೊಡ್ಡ ಕಟ್ಲಾ. ಟೊಂಗೆಗೆ ಬಿಗಿದುಕೊಂಡು ಒಂದೇ ಕಡೆ ಹೊರಳುತ್ತಿತ್ತು. ನನ್ನ ಜೇಬಿನಲ್ಲಿ ಬಳ್ಳಿ ಕತ್ತರಿಸುವ ಕತ್ತರಿ ಸದಾ ಇರುತ್ತದೆ. ದಾರ ಕತ್ತರಿಸಿದರೆ ಮೀನು ಗಾಳವನ್ನು ಬಾಯಲ್ಲೇ ಇಟ್ಟುಕೊಂಡು ಹೋಗುತ್ತದೆ, ಇಲ್ಲವೇ ಅಲ್ಲೇ ಸುತ್ತಿಕೊಂಡು ಸಾಯುತ್ತದೆ. ಗಾಳ ಬಿಡಿಸಿ ಬಿಡಬಹುದಿತ್ತು. ನಾನು ಬಿಡಲಿಲ್ಲ. ದಂಡೆಯ ಮೇಲೆ ನಿಂತವನ ಮುಖವೇ ಕಣ್ಣ ಮುಂದೆ ಇತ್ತು. ಎರಡೂ ಕೈ ನೀರಿಗಿಳಿಸಿ ಅದನ್ನು ಹಿಡಿದೆತ್ತಿ ದೋಣಿಯೊಳಗೆ ಹಾಕಿದೆ. ಹುಟ್ಟಿದಾಗಿನಿಂದ ಮೊದಲ ಸಲ. ಅದು ತಣ್ಣಗಿತ್ತು, ಅಷ್ಟು ಭಾರವಿದ್ದೀತೆಂದು ನಾನು ಅಂದುಕೊಂಡಿರಲಿಲ್ಲ.

ತಲೆ ಎತ್ತಿದರೆ ದಂಡೆ ಇರಲಿಲ್ಲ. ಮಂಜು ನೀರಿನ ಮೇಲೆಯೇ ಬಂದು ಕೂತಿತ್ತು. ಹುಟ್ಟಿನ ತುದಿ ಕೂಡ ಮಸುಕಾಗಿ ಕಾಣುತ್ತಿತ್ತು. ಮೀನು ಎತ್ತುವಾಗ ದಾರವನ್ನು ಟೊಂಗೆಯ ಹತ್ತಿರ ನಾನೇ ಕತ್ತರಿಸಿದ್ದೆ, ದಂಡೆಯ ಕಡೆಯ ತುಂಡು ಮುಳುಗಿಹೋಗಿತ್ತು, ಅದರ ಗುಂಟ ತಿರುಗಿ ಹೋಗುವಂತಿರಲಿಲ್ಲ. ಅಂದಾಜಿನ ಮೇಲೆ ಹುಟ್ಟು ಹಾಕಿದೆ. ಬರಬೇಕಾದ ದಂಡೆ ಬರಲಿಲ್ಲ. ಇನ್ನೊಂದು ಕಡೆ ತಿರುಗಿಸಿದೆ. ಆಮೇಲೆ ನಾನು ಯಾವ ಕಡೆಗೆ ಮುಖ ಮಾಡಿದ್ದೇನೆ ಎಂಬುದೇ ತಿಳಿಯದಾಯಿತು.

"ದೋಸ್ತಾ!" ಎಂದು ಕೂಗಿದೆ. ಗುಡ್ಡಗಳು ನನ್ನ ಕೂಗನ್ನೇ ತಿರುಗಿಸಿ ಕೊಟ್ಟವು. ಮತ್ತೆ ಕೂಗಿದೆ. ಉತ್ತರವಿಲ್ಲ. ಅವನಿಗೆ ಕೇಳಿಸುತ್ತಿದೆ ಎಂದು ನನಗೆ ಗೊತ್ತಿತ್ತು. ನನಗೆ ಈಜು ಬರುವುದಿಲ್ಲ. ಕಾಲಬುಡದಲ್ಲಿ ಮೀನು ಬಿದ್ದಿತ್ತು. ಅದರ ಕಿವಿರು ತೆರೆಯುವುದು, ಮುಚ್ಚುವುದು. ಅದನ್ನು ನೋಡಲಾಗದೆ ನಾನು ಮಂಜನ್ನೇ ನೋಡುತ್ತಾ ಕೂತೆ.

ಆಗ ಸಪ್ಪಳ ಬಂತು. ಯಾರೋ ತಾಟು ಬಡಿಯುತ್ತಿದ್ದರು. ಟಣ್, ಟಣ್, ಟಣ್. ನಾನು ಆ ಕಡೆಗೆ ದೋಣಿ ತಿರುಗಿಸಿದೆ. ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಅದೇ ಸಪ್ಪಳ ಬೆನ್ನ ಹಿಂದಿನಿಂದ ಬಂತು. ದಂಡೆಯ ಬಂಡೆಗೆ ಬಡಿದು, ಆಚೆಯ ಗುಡ್ಡಕ್ಕೆ ಬಡಿದು, ಯಾವುದು ನಿಜವಾದದ್ದು, ಯಾವುದು ಪ್ರತಿಧ್ವನಿ ತಿಳಿಯುತ್ತಿರಲಿಲ್ಲ. ನಾನು ಮತ್ತೆ ಮತ್ತೆ ಕೂಗಿದೆ. ನನ್ನ ಕೂಗು ಸುತ್ತುತ್ತಿರುವುದು ಅವನಿಗೆ ತಿಳಿದಿರಬೇಕು. ಸಪ್ಪಳ ನಿಂತಿತು. ತುಸು ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಶುರುವಾಯಿತು. ಈಗ ಅದು ಬೇರೆಯಾಗಿತ್ತು. ಬಂಡೆಯಿಂದ ಬಿಡಿಸಿಕೊಂಡು, ನೀರಿನ ಮೇಲಿಂದಲೇ, ಒಂದೇ ಕಡೆಯಿಂದ ಸ್ಪಷ್ಟವಾಗಿ ಬರುತ್ತಿತ್ತು. ನಾನು ಅದನ್ನು ಹಿಡಿದು ಹೋದೆ.

ಮಂಜಿನೊಳಗಿಂದ ಮೊದಲು ಕಂಡದ್ದು ಅವನ ತಲೆಯ ಮೇಲೆತ್ತಿದ ತಾಟು. ಆಮೇಲೆ ಅವನು. ಎದೆಯವರೆಗೆ ನೀರಿನಲ್ಲಿ ನಿಂತಿದ್ದ. ಒಂದು ಕೈಯಲ್ಲಿ ತಾಟು, ಇನ್ನೊಂದರಲ್ಲಿ ಕಲ್ಲು, ಗದ್ದ ಮೇಲಕ್ಕೆ ಎತ್ತಿಕೊಂಡಿದ್ದ. ಕುತ್ತಿಗೆಯ ಬಟ್ಟೆಯ ಅಂಚು ತೊಯ್ದಿತ್ತು. ನನ್ನ ದೋಣಿ ಎಬ್ಬಿಸಿದ ಸಣ್ಣ ಅಲೆಗಳು ಅವನ ಕಡೆಗೇ ಹೋಗುತ್ತಿದ್ದವು.

"ಹಿಂದ ಸರಿ! ಹಿಂದ ಸರಿಯೋ!" ಎಂದು ನಾನು ಚೀರಿದೆ. ಅವನು ನನ್ನನ್ನು ನೋಡಿದರೂ ಬಡಿಯುವುದನ್ನು ನಿಲ್ಲಿಸಲಿಲ್ಲ. ನಾನು ಹುಟ್ಟನ್ನು ನೀರಿನಲ್ಲಿ ಅಡ್ಡ ಹಿಡಿದು ದೋಣಿಯನ್ನು ತಡೆದೆ. ಅಲ್ಲಿ ಆಳ ಅವನ ಎದೆಯಷ್ಟೇ ಎಂಬುದು ಕಂಡಿತ್ತಲ್ಲ, ಈಜು ಬಾರದಿದ್ದರೂ ಇಳಿದುಬಿಟ್ಟೆ. ಅವನ ರಟ್ಟೆ ಹಿಡಿದು ಹಿಂದಕ್ಕೆ ನಡೆಸಿಕೊಂಡು ಬಂದೆ. ದೋಣಿಯ ಹಗ್ಗ ಇನ್ನೊಂದು ಕೈಯಲ್ಲಿತ್ತು.

ದಂಡೆಗೆ ಬಂದು ಕೂತ ಮೇಲೆ ಅವನಿಗೆ ಕೆಮ್ಮು ಬಂತು. ಕುತ್ತಿಗೆಯಿಂದ ಬರುವ ಕೆಮ್ಮು, ಸಿಳ್ಳೆಯ ಹಾಗೆ. ನಾನು ಒಣ ಬಟ್ಟೆ ಕೊಟ್ಟೆ, ಬೆನ್ನ ಮೇಲೆ ಕೈಯಿಟ್ಟು ಉಸಿರು ಸರಿಯಾಗುವವರೆಗೆ ಕಾದೆ. ಸರಿಯಾಯಿತು ಎಂದು ಗೊತ್ತಾದ ಕೂಡಲೇ ನನಗೆ ಸಿಟ್ಟು ಬಂತು.

"ಬುದ್ಧಿ ಐತೇನ ನಿನಗ? ಒಂದ ಹನಿ ಒಳಗ ಹೋಗಿದ್ರ? ವೈನಿಗೆ ಏನಂತ ಹೇಳ್ತಿದ್ದೆ ನಾ? ಮಂಜು ಕರಗೂತನಕ ನಾ ಅಲ್ಲೇ ಕುಂದರತಿದ್ನಿಲ್ಲ? ಮಾಮಾನ್ನ ಕರೀಬೇಕಿತ್ತಿಲ್ಲ?" ಎಂದು ಬಾಯಿಗೆ ಬಂದಂತೆ ಬೈದೆ.

ಅವನು ಕೇಳಿಸಿಕೊಂಡ. ನಾನು ಸುಮ್ಮನಾದ ಮೇಲೆ ಬಂಡೆಯ ಮೇಲಿಟ್ಟಿದ್ದ ಫೋನು ತೆಗೆದು, ಕೈ ಒರೆಸಿಕೊಂಡು, ಒಂದು ಸಾಲು ಬರೆದು ತೋರಿಸಿದ. "ತುಲಾ ಪೋಹತಾ ಯೇತ ನಾಹೀ." ನಿನಗೆ ಈಜಲು ಬರುವುದಿಲ್ಲ.

ನಾನು ಮುಖ ತಿರುಗಿಸಿ ಕೂತೆ. ಅವನು ಎದ್ದು ಹೋಗಿ ದೋಣಿಯೊಳಗೆ ಬಗ್ಗಿ ನೋಡಿದ. ಮೀನು ಸತ್ತಿತ್ತು. ಅವನು ಮೀನನ್ನು ನೋಡಿದ, ನನ್ನ ಕೈಯನ್ನು ನೋಡಿದ. ಬೆರಳಿಗೆ ಮೀನಿನ ಹುರುಪೆಗಳು ಅಂಟಿಕೊಂಡಿದ್ದವು. ಅವನು ನೀರು ತಂದು ನನ್ನ ಕೈ ತೊಳೆದ.

ಆ ಮಧ್ಯಾಹ್ನ ಅವನು ಅದನ್ನು ತಾನೇ ಹಸನು ಮಾಡಿ, ಖಾರ ಹಚ್ಚಿ ಬೇಯಿಸಿದ. ನಾನು ಬೇರೆ ಒಲೆ ಹೂಡಲಿಲ್ಲ, ಮಾಮಾ ಕೊಟ್ಟ ರೊಟ್ಟಿ, ಮೊಸರು ಹಿಡಿದು ಅವನ ಎದುರಿಗೇ ಕೂತೆ. ಅವನು ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದ. ಇನ್ನೊಂದು ತುಂಡು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದ. ಆಮೇಲೆ ತಲೆಯಾಡಿಸಿದ. ಮೂಗಿನಿಂದ ಉಸಿರಿಲ್ಲದವನಿಗೆ ವಾಸನೆಯೂ ಇಲ್ಲ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ವಾಸನೆ ಇಲ್ಲದಿದ್ದರೆ ರುಚಿ ಎಲ್ಲಿಂದ? ಅಡುಗೆಯ ವಾಸನೆ ನನ್ನ ಕಡೆಗೆ ಬರುತ್ತಿತ್ತು. ನನಗೆ ಬೇಡವಾದದ್ದು ನನಗೆ ಬರುತ್ತಿತ್ತು, ಬೇಕಾದವನಿಗೆ ಇಲ್ಲ. ಅವನು ತಾಟನ್ನು ಮಾಮಾನ ಕಡೆ ಸರಿಸಿದ. ಮಾಮಾ ತಲೆ ಬಗ್ಗಿಸಿ ಉಂಡ.

ಹೊರಡುವಾಗ ಗಾಳದ ಕೋಲು, ದಾರ, ಬೆಂಡು ಎಲ್ಲವನ್ನೂ ಅವನು ಮಾಮಾನ ಪಡಸಾಲೆಯಲ್ಲೇ ಬಿಟ್ಟ. ಮರೆತಿದ್ದಾನೆ ಎಂದುಕೊಂಡು ನಾನು ಎತ್ತಿಕೊಳ್ಳಲು ಹೋದಾಗ ಕೈ ಹಿಡಿದು ತಡೆದ.

ಮಿರಜದಲ್ಲಿ ಅವನ ಮನೆಯ ಮುಂದೆ ಕಾರು ನಿಲ್ಲಿಸಿದಾಗ, ಹೇಳಬೇಡ ಎಂದು ಸನ್ನೆ ಮಾಡಿದ. ನಾನು ಹೇಳಿದೆ. ಕೊಟ್ಟ ಮಾತು ಉಳಿಯಲಿಲ್ಲ ಎಂದು ಬಾಗಿಲಲ್ಲೇ ನಿಂತು ವೈನಿಗೆ ಎಲ್ಲ ಹೇಳಿದೆ. ಅವರು ಗಂಡನ ಕುತ್ತಿಗೆಯ ಬಟ್ಟೆ ಸರಿಸಿ ನೋಡಿದರು, ಮತ್ತೆ ಮುಚ್ಚಿದರು.

"ಅವರು ಇಳೀತಾರಂತ ನನಗ ಗೊತ್ತಿತ್ರಿ ಅಣ್ಣಾ" ಎಂದರು. "ಅದಕ್ಕ ಅವರ ಕಡೆಯಿಂದ ಮಾತ ತಗೊಳ್ಳಿಲ್ಲ, ನಿಮ್ಮ ಕಡೆಯಿಂದ ತಗೊಂಡೆ. ಬರ್ರಿ, ಒಳಗ ಬರ್ರಿ. ಚಹಾ ಇಡ್ತೀನಿ."

ಮುಂದೆ ಅವನು ಟೆಂಪೋ ಮಾರಿದ. ಮಾತಿನ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು ಮನೆಯೊಳಗೆ ಮಾತ್ರ ಹಚ್ಚಿಕೊಳ್ಳತೊಡಗಿದ. ಅದರಿಂದ ಬರುವ ಕನ್ನಡ ಅವನ ಕನ್ನಡದ ಹಾಗಿಲ್ಲ, ಏರಿಳಿತವಿಲ್ಲದ ಒಂದೇ ಗುಂಗು. ಅಗತ್ಯವಿದ್ದಷ್ಟು ಹೇಳಿ ನಿಲ್ಲಿಸುತ್ತಾನೆ. ನಾನು ಈಗ ಹೆಚ್ಚು ಮಾತಾಡಲು ಕಲಿತಿದ್ದೇನೆ, ಚೆನ್ನಾಗಿ ಬರುವುದಿಲ್ಲ.

ಈ ವರ್ಷ ಮಳೆ ಮುಗಿದ ಮೇಲೆ ವೈನಿಯೇ ಕೇಳಿದರು, "ಆ ನೀರು ನನಗೊಮ್ಮೆ ತೋರಸ್ರಿ." ಮೂವರೂ ಹೋದೆವು. ಮಾಮಾ ಇನ್ನಷ್ಟು ಬಗ್ಗಿದ್ದ. ಆಕಾಶ ಬಿಳಿಚಿಕೊಂಡಿತ್ತು, ಗಾಳಿ ಇರಲಿಲ್ಲ. ಅವನು ದಂಡೆಯ ಮೇಲೆ ಮಾಮಾನ ಪಕ್ಕ ಕೂತ. ನೀವಿಬ್ಬರೂ ಹೋಗಿ ಬನ್ನಿ ಎಂದು ಕೈ ಮಾಡಿದ. ವೈನಿ ಸೀರೆ ಎತ್ತಿ ಕಟ್ಟಿಕೊಂಡು ದೋಣಿ ಹತ್ತಿದರು. ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು, ಮೊದಲು ಬರೀ ತಮ್ಮ ಪಾದಗಳನ್ನೇ ನೋಡುತ್ತಾ ಕೂತರು.

ದಂಡೆ ದೂರವಾಯಿತು. ಅವರು ಮೆಲ್ಲಗೆ ತಲೆ ಎತ್ತಿದರು. ಎದುರಿಗೆ ನೀರು ಗುಡ್ಡದಿಂದ ಗುಡ್ಡಕ್ಕೆ, ಒಂದು ತಿರುವಿನಾಚೆ ಇನ್ನೊಂದು ತಿರುವಿಗೆ ಹೋಗುತ್ತಲೇ ಇತ್ತು.

"ಇಷ್ಟ ವರ್ಷ ಇಲ್ಲಿಗೇ ಬರತಿದ್ರೇನ?"

"ಹೌದ್ರಿ ವೈನಿ."

"ಮನಿಗೆ ಬಂದು ಲೋಕದ್ದೆಲ್ಲಾ ಹೇಳ್ತಿದ್ರು" ಎಂದರು ಅವರು, ನೀರಿನಿಂದ ಕಣ್ಣು ತೆಗೆಯದೆ. "ಯಾವ ಡ್ರೈವರ ಎಲ್ಲಿ ಜಗಳ ಮಾಡಿದ, ಯಾವ ಹೋಟಲಿನ್ಯಾಗ ಏನ ತಿಂದ್ರು, ಎಲ್ಲಾ. ಇದು ಇಷ್ಟ ದೊಡ್ಡದ ಐತಂತ ಒಮ್ಮೆರೆ ಹೇಳಿಲ್ಲ ನೋಡ್ರಿ."

ದಂಡೆಯ ಮೇಲಿನ ಇಬ್ಬರು ಚಿಕ್ಕದಾಗಿ ಕಾಣುತ್ತಿದ್ದರು. ತಿರುಗಿಸಲೇ ಎಂದು ಕೇಳಿದೆ. ಅವರು ಒಂದು ಕೈಯನ್ನು ಅಂಚಿನಿಂದ ಬಿಡಿಸಿ ನೀರಿಗಿಳಿಸಿದ್ದರು.

"ಬ್ಯಾಡ್ರಿ. ಇನ್ನೊಂದೀಟ ಮುಂದ ಹೋಗೂಣು."

ನಾನು ಹುಟ್ಟು ಹಾಕಿದೆ.